ಫ್ಲೂ ಮಹಾಮಾರಿಗೆ ಸಿದ್ಧತೆ: ಮೊದಲು ಗೈರುಹಾಜರಿಯ ಲೆಕ್ಕ ಹಾಕೋಣ

ಮಾನ್ಯ ಸಂಪಾದಕರೇ,

ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಎರಡು ಬಗೆಯ ಹೇಳಿಕೆಗಳು ಕಾಣಿಸಿಕೊಳ್ಳುತ್ತವೆ. ಆತಂಕಪಡುವ ಅಗತ್ಯವಿಲ್ಲ ಎಂಬ ಅಧಿಕಾರಿಗಳ ಭರವಸೆ ಒಂದಾದರೆ, ಇಷ್ಟು ಹಾಸಿಗೆ, ಇಷ್ಟು ವೆಂಟಿಲೇಟರ್, ಇಷ್ಟು ಮಾತ್ರೆಗಳ ದಾಸ್ತಾನು ಸಿದ್ಧವಾಗಿದೆ ಎಂಬ ಪಟ್ಟಿ ಇನ್ನೊಂದು. ಎರಡೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಫ್ಲೂ ಮಹಾಮಾರಿಯ ಹೊತ್ತಿಗೆ ಕಚೇರಿಯಾಗಲಿ, ಕಾರ್ಖಾನೆಯಾಗಲಿ, ನೀರು ಸರಬರಾಜು ಘಟಕವಾಗಲಿ ಸಾಮಗ್ರಿ ಮುಗಿಯುವುದಕ್ಕೂ ಮುಂಚೆಯೇ ಜನ ಸಾಲದೆ ಕುಸಿಯುವ ಸಾಧ್ಯತೆ ಹೆಚ್ಚು. ಯಾರು ಬರಲಾರರು, ಅವರು ಬಾರದಿದ್ದರೆ ಯಾವ ಕೆಲಸ ನಿಲ್ಲುತ್ತದೆ, ನಿಲ್ಲಲೇಬಾರದ ಕೆಲಸವನ್ನು ಅವರ ಬದಲು ಯಾರು ಮಾಡಬಲ್ಲರು ಎಂಬ ಲೆಕ್ಕವನ್ನು ಬರೆದಿಟ್ಟುಕೊಂಡಿರುವ ಸಂಸ್ಥೆಗಳು ನನಗೆ ತಿಳಿದ ಮಟ್ಟಿಗೆ ತೀರಾ ಕಡಿಮೆ. ಸಿದ್ಧತೆಯ ಚರ್ಚೆ ಅಲ್ಲಿಂದ ಶುರುವಾಗಬೇಕು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಕೋವಿಡ್ ಕಂಡ ಮೇಲೆ ಇನ್ನೇನು ಕಲಿಯುವುದಿದೆ ಎಂದು ಕೇಳುವವರಿದ್ದಾರೆ. ಕಲಿತದ್ದು ಬಹಳವಿದೆ, ನಿಜ. ಆದರೆ ಫ್ಲೂವಿನ ಓಟ ಬೇರೆ. ಸೋಂಕು ತಗುಲಿದ ಒಂದರಿಂದ ನಾಲ್ಕು ದಿನಗಳಲ್ಲಿ, ಸಾಮಾನ್ಯವಾಗಿ ಎರಡೇ ದಿನಗಳಲ್ಲಿ, ರೋಗಲಕ್ಷಣ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಒಂದು ದಿನ ಮೊದಲೇ ಆ ವ್ಯಕ್ತಿ ಇತರರಿಗೆ ಸೋಂಕು ಹರಡಲು ಶುರುಮಾಡಿರಬಹುದು. ಹೀಗಾಗಿ ಮೊದಲ ರೋಗಿ ಪತ್ತೆಯಾಗಿ, ಸಭೆ ಸೇರಿ, ಸುತ್ತೋಲೆ ಸಿದ್ಧವಾಗುವಷ್ಟರಲ್ಲಿ ಸೋಂಕು ಎರಡು ಮೂರು ಸುತ್ತು ಮುಗಿಸಿರುತ್ತದೆ. ಇನ್‌ಫ್ಲುಯೆಂಜಾ 'ಎ' ವೈರಾಣುವಿನ ಆನುವಂಶಿಕ ವಸ್ತು ಎಂಟು ಬಿಡಿ ತುಣುಕುಗಳಲ್ಲಿರುತ್ತದೆ. ಎರಡು ತಳಿಗಳು ಒಂದೇ ಜೀವಕೋಶವನ್ನು ಹೊಕ್ಕರೆ ಆ ತುಣುಕುಗಳು ಅದಲುಬದಲಾಗಿ, ಮನುಷ್ಯರ ರೋಗನಿರೋಧಕ ಶಕ್ತಿಗೆ ಪರಿಚಯವೇ ಇಲ್ಲದ ತಳಿಯೊಂದು ಹುಟ್ಟಬಹುದು. 1957ರಲ್ಲಿ ಎಚ್‌2ಎನ್‌2, 1968ರಲ್ಲಿ ಎಚ್‌3ಎನ್‌2, 2009ರಲ್ಲಿ ಹೊಸ ಎಚ್‌1ಎನ್‌1 ತಳಿಗಳು ಹುಟ್ಟಿದ್ದು ಇಂಥ ಬೆರಕೆಯಿಂದಲೇ. 1918ರ ಮಹಾಮಾರಿಯಲ್ಲಿ ಜಗತ್ತಿನ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಸೋಂಕು ತಗುಲಿ, ಕನಿಷ್ಠ ಐದು ಕೋಟಿ ಜನ ಸತ್ತರೆಂಬ ಅಂದಾಜಿದೆ. ಆಗ ಸತ್ತವರಲ್ಲಿ ಇಪ್ಪತ್ತರಿಂದ ನಲವತ್ತರ ಪ್ರಾಯದ ದುಡಿಯುವ ಜನ ಬಹಳವಿದ್ದರು. ಸಂಸ್ಥೆಗಳ ದೃಷ್ಟಿಯಿಂದ ಇದನ್ನು ಮರೆಯುವಂತಿಲ್ಲ.

ಹಕ್ಕಿಗಳ ಎಚ್‌5ಎನ್‌1 ತಳಿ 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ ಆರು ಮಂದಿಯನ್ನು ಬಲಿ ತೆಗೆದುಕೊಂಡಿತು. 2003ರಿಂದೀಚೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ 900ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕುಳಿಯಲಿಲ್ಲ. ಲಘುವಾಗಿ ಬಂದು ಹೋದ ಸೋಂಕುಗಳು ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ ಈ ಪ್ರಮಾಣವನ್ನು ಹಾಗೆಯೇ ನಂಬಬೇಕಿಲ್ಲ. 2024ರಲ್ಲಿ ಅಮೆರಿಕದ ಹೈನುರಾಸುಗಳಲ್ಲೂ ಅದು ಕಾಣಿಸಿಕೊಂಡಿತು. ಮನುಷ್ಯರಿಂದ ಮನುಷ್ಯರಿಗೆ ಸರಾಗವಾಗಿ ಹರಡುವ ಶಕ್ತಿ ಅದಕ್ಕಿನ್ನೂ ಬಂದಿಲ್ಲ. ಮುಂದಿನ ಮಹಾಮಾರಿ ಇದರಿಂದಲೇ ಬರುತ್ತದೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. 2009ರಲ್ಲಿ ಎಲ್ಲರೂ ಹಕ್ಕಿಗಳತ್ತ ನೋಡುತ್ತಿದ್ದಾಗ ವೈರಾಣು ಬಂದದ್ದು ಹಂದಿಗಳಿಂದ.

ಲಸಿಕೆ ಬರುತ್ತದಲ್ಲ ಎಂಬ ಧೈರ್ಯವೂ ಪೂರ್ತಿ ಸರಿಯಲ್ಲ. ಹೊಸ ತಳಿಯನ್ನು ಗುರುತಿಸಿ, ಕೋಳಿಮೊಟ್ಟೆಗಳಲ್ಲಿ ಬೆಳೆಸಿ ಲಸಿಕೆ ತಯಾರಿಸುವ ಹಳೆಯ ವಿಧಾನಕ್ಕೆ ಐದಾರು ತಿಂಗಳು ಬೇಕು. 2009ರ ಏಪ್ರಿಲ್‌ನಲ್ಲಿ ವೈರಾಣು ಪತ್ತೆಯಾಯಿತು, ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿಯೆಂದು ಘೋಷಿಸಿತು. ಅಮೆರಿಕದಂಥ ಶ್ರೀಮಂತ ದೇಶದಲ್ಲಿ ಕೂಡ ಲಸಿಕೆ ಜನರ ಕೈಸೇರಲು ಶುರುವಾದದ್ದು ಅಕ್ಟೋಬರ್‌ನಲ್ಲಿ, ಅಂದರೆ ಎರಡನೆಯ ಅಲೆ ಏರುತ್ತಿದ್ದಾಗ. ಹೊಸ ತಂತ್ರಜ್ಞಾನದಿಂದ ಈ ಅವಧಿ ಕುಗ್ಗಬಹುದು, ಆದರೆ ಇಲ್ಲವಾಗದು. ಆದ್ದರಿಂದ ಮೊದಲ ಅಲೆಯನ್ನು ಲಸಿಕೆಯಿಲ್ಲದೆ ದಾಟಬೇಕು ಎಂದೇ ಪ್ರತಿ ಸಂಸ್ಥೆಯೂ ಭಾವಿಸುವುದು ಒಳ್ಳೆಯದು.

ಇನ್ನು ಗೈರುಹಾಜರಿಯ ವಿಷಯ. ಅಮೆರಿಕ ಸರ್ಕಾರ 2006ರ ಆಸುಪಾಸಿನಲ್ಲಿ ಉದ್ಯಮಗಳಿಗೆ ಕೊಟ್ಟ ಮಾರ್ಗದರ್ಶನದಲ್ಲಿ, ತೀವ್ರ ಮಹಾಮಾರಿಯ ಅಲೆ ತುತ್ತತುದಿಯಲ್ಲಿದ್ದಾಗ ನೂರಕ್ಕೆ ನಲವತ್ತರಷ್ಟು ನೌಕರರು ಕೆಲಸಕ್ಕೆ ಬಾರದಿರಬಹುದು ಎಂದು ಎಣಿಸಿಕೊಳ್ಳುವಂತೆ ಹೇಳಲಾಗಿತ್ತು. ಇಷ್ಟು ಜನ ಒಟ್ಟಿಗೆ ಕಾಯಿಲೆ ಬೀಳುತ್ತಾರೆಂದಲ್ಲ. ಕಾಯಿಲೆ ಬಿದ್ದವರು ಕೆಲವರಾದರೆ, ಕಾಯಿಲೆ ಬಿದ್ದ ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳುವವರು ಇನ್ನು ಕೆಲವರು. ಶಾಲೆ ಮುಚ್ಚಿದ್ದರಿಂದ ಮನೆಯಲ್ಲಿ ಉಳಿದವರು, ಬಸ್ಸಿಲ್ಲದೆ ನಿಂತವರು, ಹೆದರಿ ಬಾರದವರು ಎಲ್ಲರೂ ಸೇರಿ ಆ ಸಂಖ್ಯೆಯಾಗುತ್ತದೆ. ನಲವತ್ತು ಎಂಬುದು ಅತಿಯಾಯಿತು ಎನ್ನುವವರು ಇಪ್ಪತ್ತೈದು ಎಂದು ಇಟ್ಟುಕೊಳ್ಳಲಿ, ಅಡ್ಡಿಯಿಲ್ಲ. 1918ರ ಅಕ್ಟೋಬರ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ದೂರವಾಣಿ ಕಂಪನಿಯಲ್ಲಿ ಕರೆ ಜೋಡಿಸುವ ಆಪರೇಟರುಗಳು ದೊಡ್ಡ ಸಂಖ್ಯೆಯಲ್ಲಿ ಕಾಯಿಲೆಯಿಂದ ಮಲಗಿಬಿಟ್ಟಾಗ, ತೀರಾ ಅನಿವಾರ್ಯವಲ್ಲದ ಕರೆಗಳನ್ನು ಮಾಡಬೇಡಿ ಎಂದು ಕಂಪನಿಯೇ ಸಾರ್ವಜನಿಕರನ್ನು ಕೇಳಿಕೊಳ್ಳಬೇಕಾಯಿತು. ವೈದ್ಯರನ್ನು ಕರೆಯಲು ದೂರವಾಣಿ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ದಿನಗಳವು. ಅದೇ ನಗರದಲ್ಲಿ ಗುಂಡಿ ತೋಡುವವರು ಸಿಗದೆ ಶವಗಳು ಕಾದವು. ಯಾವ ಕೆಲಸವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೋ ಅದರ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಇದನ್ನು ಪರೀಕ್ಷಿಸಿಕೊಳ್ಳಲು ಸಲಹೆಗಾರ ಸಂಸ್ಥೆಗಳಿಗೆ ಹಣ ಸುರಿಯಬೇಕಿಲ್ಲ, ಅರ್ಧ ದಿನದ ಅಭ್ಯಾಸ ಸಾಕು. ಒಂದು ವಿಭಾಗದ ಎಲ್ಲರ ಹೆಸರನ್ನೂ ಚೀಟಿಗಳಲ್ಲಿ ಬರೆದು, ಹತ್ತಕ್ಕೆ ನಾಲ್ಕರಂತೆ ಎತ್ತಬೇಕು. ಹೆಸರು ಬಂದವರು ಪಕ್ಕದ ಕೋಣೆಯಲ್ಲಿ ಸುಮ್ಮನೆ ಕೂರಬೇಕು. ಅವರಿಗೆ ಫೋನ್ ಮಾಡಿ ಕೇಳುವಂತಿಲ್ಲ, ಏಕೆಂದರೆ ಜ್ವರ 103 ಡಿಗ್ರಿ ಇರುವವರು ಫೋನ್ ಎತ್ತುವುದಿಲ್ಲ. ಉಳಿದವರು ಅಂದಿನ ಕೆಲಸ ನಡೆಸಬೇಕು. ಮೊದಲ ಒಂದು ತಾಸಿನಲ್ಲೇ ಎಲ್ಲವೂ ಬಯಲಾಗುತ್ತದೆ: ಸಂಬಳದ ತಂತ್ರಾಂಶದ ಪಾಸ್‌ವರ್ಡ್ ಬಲ್ಲವರು ಹೊರಗಿದ್ದಾರೆ, ಚೆಕ್ಕಿಗೆ ಸಹಿ ಹಾಕುವ ಅಧಿಕಾರವಿರುವ ಇಬ್ಬರೂ ಹೊರಗಿದ್ದಾರೆ, ಜನರೇಟರ್ ಕೋಣೆಯ ಬೀಗದ ಕೈ ಯಾರ ಬಳಿ ಇದೆಯೆಂದು ಒಳಗಿದ್ದವರಿಗೆ ಗೊತ್ತಿಲ್ಲ, ಪೂರೈಕೆದಾರರ ನಂಬರು ಒಬ್ಬರ ಮೊಬೈಲಿನಲ್ಲಿ ಮಾತ್ರ ಇದೆ. ವ್ಯವಸ್ಥಾಪಕರ ಹೆಸರು ಬಂದರೆ ಅವರೂ ಎದ್ದು ಹೋಗಬೇಕು. ಅವರಿಗೆ ಮಾತ್ರ ವಿನಾಯಿತಿ ಎಂದು ಯಾರಾದರೂ ಹೇಳಿದರೆ, ಆ ಸಂಸ್ಥೆಯ ದೊಡ್ಡ ದೌರ್ಬಲ್ಯ ಯಾವುದೆಂದು ಅಭ್ಯಾಸ ಶುರುವಾಗುವ ಮುನ್ನವೇ ತಿಳಿದಂತಾಯಿತು.

ನಿಲ್ಲಲೇಬಾರದ ಪ್ರತಿ ಕೆಲಸಕ್ಕೂ ಮೂವರು ತಯಾರಿರಬೇಕು. ಒಬ್ಬರಿಗೆ ಇನ್ನೊಬ್ಬರು ಬದಲಿ ಎಂದಿದ್ದರೆ ಸಾಲದು, ಯಾಕೆಂದರೆ ಅವರಿಬ್ಬರೂ ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿ ಎದುರುಬದುರು ಕೂರುವವರು, ಒಟ್ಟಿಗೆ ಕಾಯಿಲೆ ಬೀಳುತ್ತಾರೆ. ನೀರು ಶುದ್ಧೀಕರಣ ಘಟಕವನ್ನೇ ನೋಡಿ. ಅಲ್ಲಿ ಪಾಳಿಯಲ್ಲಿರುವ ಆಪರೇಟರು ನೀರಿನ ಮಾದರಿ ತೆಗೆದು, ಅದಕ್ಕೆ ದ್ರಾವಣ ಬೆರೆಸಿ, ಬಣ್ಣ ಎಷ್ಟು ಗಾಢವಾಯಿತೆಂದು ನೋಡಿ ಕ್ಲೋರಿನ್ ಹೆಚ್ಚುಕಡಿಮೆ ಮಾಡುತ್ತಾರೆ. ನಲ್ಲಿಯ ತುದಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮಳೆ ಬಿದ್ದು ನೀರು ಕದಡಿದ ದಿನ ಎಷ್ಟು ಹೆಚ್ಚಿಸಬೇಕೆಂಬುದು ಕೈಪಿಡಿಗಿಂತ ಹೆಚ್ಚಾಗಿ ಅವರ ಅನುಭವದಲ್ಲಿರುತ್ತದೆ. ಆ ಅನುಭವವನ್ನು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆಸಿ, ಆ ಕೆಲಸವನ್ನು ಮೊದಲ ಸಲ ಮಾಡುವವರ ಕೈಗೆ ಹಾಳೆ ಕೊಟ್ಟು, ಹಿರಿಯ ಆಪರೇಟರು ಪಕ್ಕದಲ್ಲಿ ಬಾಯಿ ಬಿಡದೆ ನಿಂತು ನೋಡಬೇಕು. ಹೊಸಬರು ಎಲ್ಲಿ ತಡವರಿಸಿದರೋ ಅಲ್ಲಿ ಹಾಳೆ ತಿದ್ದಬೇಕು. ಕ್ಲೋರಿನ್ ಸೋರಿದರೆ ಜೀವಕ್ಕೇ ಅಪಾಯವಾದ್ದರಿಂದ ಈ ಕಲಿಕೆಯನ್ನು ಮಹಾಮಾರಿ ಬಂದ ವಾರದಲ್ಲಿ ಮಾಡಲಾಗದು. ಜೊತೆಗೆ, ಕ್ಲೋರಿನ್ ಪೂರೈಸುವ ಕಂಪನಿಯಲ್ಲೂ ಲಾರಿ ಚಾಲಕರು ಮಲಗಿರುತ್ತಾರೆ ಎಂಬುದನ್ನು ನೆನಪಿಟ್ಟು ದಾಸ್ತಾನು ಎಷ್ಟು ದಿನಕ್ಕಿರಬೇಕೆಂದು ತೀರ್ಮಾನಿಸಬೇಕು. ಮಿಕ್ಕ ಕೆಲಸಗಳಲ್ಲಿ ಯಾವುದನ್ನು ಯಾವಾಗ ಕೈಬಿಡಬಹುದು ಎಂಬ ಪಟ್ಟಿಯೂ ಬೇಕು. ಕೈಬಿಡುವ ಪಟ್ಟಿ ತಯಾರಿಸುವುದು ಆಡಳಿತಗಾರರಿಗೆ ಬಲು ಕಷ್ಟ. ಪ್ರತಿ ವಿಭಾಗವೂ ತನ್ನ ಕೆಲಸ ಅತ್ಯಗತ್ಯವೆಂದೇ ವಾದಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ವಿಷಯವನ್ನು ಕೈಬಿಟ್ಟರೆ ಉಳಿದದ್ದು ವ್ಯರ್ಥ. ಜ್ವರ ಬಂದವರು ಸಂಬಳ ಕಳೆದುಕೊಳ್ಳದೆ ಮನೆಯಲ್ಲಿ ಉಳಿಯುವಂತಿರಬೇಕು. ಕಾಯಂ ನೌಕರರಿಗೆ ರಜೆ ಇದೆ. ಸ್ವಚ್ಛತೆ ಮಾಡುವವರಿಗೆ, ಕಾವಲುಗಾರರಿಗೆ, ಸಾಮಾನು ತಲುಪಿಸುವವರಿಗೆ, ರೋಗಿಗಳನ್ನು ಎತ್ತಿ ಮಲಗಿಸುವ ಗುತ್ತಿಗೆ ಸಹಾಯಕರಿಗೆ ಇಲ್ಲ. ಒಂದು ದಿನ ಬಾರದಿದ್ದರೆ ಆ ದಿನದ ಕೂಲಿ ಹೋಗುತ್ತದೆ, ನಾಲ್ಕು ದಿನ ಬಾರದಿದ್ದರೆ ಕೆಲಸವೇ ಹೋಗುತ್ತದೆ ಎಂಬ ಸ್ಥಿತಿಯಲ್ಲಿರುವವರು ಮಾತ್ರೆ ನುಂಗಿ, ಜ್ವರ ಇಳಿಸಿಕೊಂಡು ಬಂದೇ ಬರುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಕಟ್ಟಡದ ಪ್ರತಿ ಅಂತಸ್ತಿಗೂ ಹೋಗಿಬರುವವರು ಅವರೇ ಆಗಿರುವುದರಿಂದ, ಅವರ ನಾಲ್ಕೈದು ದಿನಗಳ ಕೂಲಿಯನ್ನು ಉಳಿಸಲು ಹೋದ ಸಂಸ್ಥೆ ಅದರ ಎಷ್ಟೋ ಪಟ್ಟು ಕಳೆದುಕೊಳ್ಳುತ್ತದೆ. ಗುತ್ತಿಗೆದಾರರ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲೇ ಮಹಾಮಾರಿ ಕಾಲದ ವೇತನಸಹಿತ ರಜೆಯ ಷರತ್ತು ಇರಬೇಕು, ಅದರ ವೆಚ್ಚವನ್ನು ಮುಖ್ಯ ಸಂಸ್ಥೆಯೇ ಹೊರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ವೈದ್ಯರ ಪ್ರಮಾಣಪತ್ರ ತಂದರೆ ಮಾತ್ರ ರಜೆ ಎಂಬ ನಿಯಮವನ್ನೂ ಆ ಅವಧಿಗೆ ತೆಗೆದಿಡಬೇಕು. ಮನೆಯಲ್ಲೇ ಗುಣವಾಗಬಹುದಾದ ಸಾವಿರಾರು ಜನರನ್ನು ಒಂದು ತುಂಡು ಕಾಗದಕ್ಕಾಗಿ ಚಿಕಿತ್ಸಾಲಯದ ಸಾಲಿನಲ್ಲಿ, ಗರ್ಭಿಣಿಯರ ಮತ್ತು ಉಬ್ಬಸದವರ ಪಕ್ಕದಲ್ಲಿ ನಿಲ್ಲಿಸುವುದು ಎಂಥ ಆಡಳಿತವೋ ನನಗಂತೂ ಅರ್ಥವಾಗುವುದಿಲ್ಲ.

ಕೆಲಸದ ಸ್ಥಳದ ಗಾಳಿಯ ಬಗ್ಗೆ ಎರಡು ಮಾತು. ಕೈ ತೊಳೆಯುವುದು ಒಳ್ಳೆಯದೇ, ಆದರೆ ಫ್ಲೂ ಉಸಿರಿನ ಮೂಲಕವೂ ಹರಡುತ್ತದೆ. ಕಿಟಕಿಗಳು ತೆರೆಯುತ್ತವೆಯೇ, ಹವಾನಿಯಂತ್ರಣ ಒಳಗಿನ ಗಾಳಿಯನ್ನೇ ತಿರುಗಿಸುತ್ತಿದೆಯೇ, ಹೊರಗಿನ ಗಾಳಿ ಎಷ್ಟು ಬರುತ್ತಿದೆ ಎಂದು ಈಗಲೇ ನೋಡಿಸಿಕೊಳ್ಳಬೇಕು. ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಕೊಡುವುದಾದರೆ ಮುಖಕ್ಕೆ ಸರಿಯಾಗಿ ಹೊಂದುವ ಅಳತೆಯದನ್ನು ಮೊದಲೇ ಪರೀಕ್ಷಿಸಿರಬೇಕು, ದಾಸ್ತಾನಿನ ಅವಧಿ ಮುಗಿಯುವ ದಿನಾಂಕವನ್ನೂ ನೋಡುತ್ತಿರಬೇಕು. ಗೋಡೆಗೆ ಅಂಟಿಸಿದ ಭಿತ್ತಿಪತ್ರಗಳಿಂದ ಆಗುವುದಕ್ಕಿಂತ ಹೆಚ್ಚಿನ ಉಪಯೋಗ ಇದರಿಂದ ಆಗುತ್ತದೆ.

ಸಮುದಾಯದ ಮಟ್ಟದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು ಮೀರುವ ಮುನ್ನ ನಿರ್ಧರಿಸುವುದು. 1918ರ ಸೆಪ್ಟೆಂಬರ್ 28ರಂದು, ನಗರದಲ್ಲಿ ಸೋಂಕು ಇದೆಯೆಂದು ಗೊತ್ತಿದ್ದೂ, ಫಿಲಡೆಲ್ಫಿಯಾದಲ್ಲಿ ಯುದ್ಧಸಾಲದ ಬಾಂಡ್‌ಗಳ ಪ್ರಚಾರಕ್ಕಾಗಿ ಸುಮಾರು ಎರಡು ಲಕ್ಷ ಜನ ಸೇರಿದ ಮೆರವಣಿಗೆ ನಡೆಯಿತು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿದವು. ಶಾಲೆ, ಚಿತ್ರಮಂದಿರಗಳನ್ನು ಮುಚ್ಚಿದ್ದು ಅಕ್ಟೋಬರ್ 3ರಂದು. ಅಮೆರಿಕದ್ದೇ ಆದ ಸೇಂಟ್ ಲೂಯಿಸ್ ನಗರದಲ್ಲಿ ನಾಗರಿಕರಲ್ಲಿ ಮೊದಲ ಪ್ರಕರಣಗಳು ಕಂಡ ಎರಡು ಮೂರು ದಿನಗಳಲ್ಲೇ ಇಂಥ ಸ್ಥಳಗಳನ್ನು ಮುಚ್ಚಲಾಯಿತು. ಅಲೆ ತುದಿಗೇರಿದ ವಾರಗಳ ಸಾವಿನ ಪ್ರಮಾಣವನ್ನು ಮುಂದೆ ಸಂಶೋಧಕರು ಹೋಲಿಸಿ ನೋಡಿದಾಗ, ಸೇಂಟ್ ಲೂಯಿಸ್‌ನದು ಫಿಲಡೆಲ್ಫಿಯಾದ್ದರ ಎಂಟನೆಯ ಒಂದು ಭಾಗದಷ್ಟಿತ್ತು. ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ನಿರ್ಬಂಧ ಸಡಿಲಿಸಿದೊಡನೆ ಸಾವುಗಳು ಮತ್ತೆ ಏರಿ, ಮತ್ತೆ ನಿರ್ಬಂಧ ಹೇರಬೇಕಾಯಿತು. ಇನ್ನೂ ಕಠೋರವಾದ ಉದಾಹರಣೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳದು. 1918ರ ನವೆಂಬರ್ 7ರಂದು ಆಪಿಯಾ ಬಂದರಿಗೆ ಬಂದ 'ತಲೂನೆ' ಎಂಬ ಹಡಗಿನಿಂದ ಕಾಯಿಲೆಯವರನ್ನು ತಡೆಯದೆ ಇಳಿಸಿಕೊಂಡ ಪಶ್ಚಿಮ ಸಮೋವಾ ತನ್ನ ಜನರಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು; ಹಡಗುಗಳನ್ನು ಕಟ್ಟುನಿಟ್ಟಾಗಿ ತಡೆದ ಪಕ್ಕದ ಅಮೆರಿಕನ್ ಸಮೋವಾದಲ್ಲಿ ಫ್ಲೂವಿನಿಂದ ಒಬ್ಬರೂ ಸಾಯಲಿಲ್ಲ. ದ್ವೀಪಕ್ಕೆ ಸಾಧ್ಯವಾದದ್ದು ಎಲ್ಲರಿಗೂ ಸಾಧ್ಯವಾಗದು. ಆದರೂ ಯಾವ ಸೂಚನೆ ಸಿಕ್ಕಾಗ ಯಾವ ಕ್ರಮ, ಅದನ್ನು ಘೋಷಿಸುವ ಅಧಿಕಾರ ಯಾರದು, ಯಾವ ಸ್ಥಿತಿಯಲ್ಲಿ ಹಿಂತೆಗೆದುಕೊಳ್ಳುವುದು ಎಂದು ಶಾಂತ ಕಾಲದಲ್ಲೇ ಬರೆದಿಟ್ಟರೆ, ಮೆರವಣಿಗೆಯ ಹಿಂದಿನ ರಾತ್ರಿ ಅಧಿಕಾರಿಯೊಬ್ಬರು ಒತ್ತಡಕ್ಕೆ ಮಣಿಯುವ ಸಂಭವ ಕಡಿಮೆಯಾಗುತ್ತದೆ.

ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಆಗಬೇಕಾದದ್ದು ಇದಕ್ಕಿಂತ ಸರಳ, ಆದರೆ ಬೇಸರದ ಕೆಲಸ. ಒಂಟಿಯಾಗಿರುವ ಹಿರಿಯರು, ಡಯಾಲಿಸಿಸ್‌ಗೆ ವಾರಕ್ಕೆರಡು ಮೂರು ಸಲ ಹೋಗಬೇಕಾದವರು, ಇನ್ಸುಲಿನ್ ಬೇಕಾದವರು, ಹಾಸಿಗೆಯಿಂದ ಏಳಲಾರದವರನ್ನು ನೋಡಿಕೊಳ್ಳುವ ಏಕೈಕ ವ್ಯಕ್ತಿ ಇರುವ ಮನೆಗಳು, ಇವುಗಳ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ತಯಾರಿಸಿ, ಪ್ರತಿ ಹತ್ತಿಪ್ಪತ್ತು ಮನೆಗಳಿಗೆ ಇಬ್ಬರು ವಿಚಾರಿಸುವವರನ್ನು ಗೊತ್ತುಮಾಡಬೇಕು. ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ತಿದ್ದದಿದ್ದರೆ ಅದರಿಂದ ಉಪಯೋಗವಿಲ್ಲ. ಆ ವಿಚಾರಿಸುವವರಿಗೆ ತಿಳಿದಿರಬೇಕಾದದ್ದು ಸ್ವಲ್ಪವೇ. ಉಸಿರಾಟಕ್ಕೆ ಕಷ್ಟ, ತುಟಿ ನೀಲಿಗಟ್ಟುವುದು, ಗೊಂದಲ ಅಥವಾ ಎಬ್ಬಿಸಲಾಗದ ಮಂಪರು, ನೀರನ್ನೂ ಕುಡಿಯಲಾರದ ಸ್ಥಿತಿ ಇದ್ದರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಜ್ವರ ಇಳಿದು ಸುಧಾರಿಸಿದವರಿಗೆ ಮತ್ತೆ ಜ್ವರ, ಕೆಮ್ಮು ಏರಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಫ್ಲೂ ಬಂದು ಹೋದ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಸೇರಿ ನ್ಯುಮೋನಿಯಾ ಆಗುವುದು ಹೀಗೆಯೇ, 1918ರ ಸಾವುಗಳಲ್ಲಿ ಹೆಚ್ಚಿನವು ಅದರಿಂದಲೇ. ಒಸೆಲ್ಟಾಮಿವಿರ್‌ನಂಥ ಫ್ಲೂ ವೈರಾಣು ತಡೆಯುವ ಔಷಧ ರೋಗಲಕ್ಷಣ ಕಂಡ 48 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ, ಆದ್ದರಿಂದ ಅಪಾಯದ ಅಂಚಿನಲ್ಲಿರುವವರು ಕಾದು ನೋಡಬಾರದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಜನ ಇದನ್ನೆಲ್ಲ ಕೇಳಬೇಕಾದರೆ ಹೇಳುವವರ ಮೇಲೆ ನಂಬಿಕೆ ಇರಬೇಕು. 1918ರಲ್ಲಿ ಯುದ್ಧನಿರತ ದೇಶಗಳು ಸುದ್ದಿಯನ್ನು ಅದುಮಿಟ್ಟವು, ಪಕ್ಕದ ಮನೆಯಿಂದ ಶವ ಹೊರಟಾಗಲೂ ಪತ್ರಿಕೆಗಳು ಗಾಬರಿ ಬೇಡ ಎಂದವು. 1976ರಲ್ಲಿ ಇದರ ತದ್ವಿರುದ್ಧ ನಡೆಯಿತು. ಅಮೆರಿಕದ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಹಂದಿಜ್ವರ ಕಂಡದ್ದೇ ಇಡೀ ದೇಶಕ್ಕೆ ಲಸಿಕೆ ಹಾಕಲು ಹೊರಟು, ನಾಲ್ಕು ಕೋಟಿಗೂ ಹೆಚ್ಚು ಜನರಿಗೆ ಹಾಕಿದರು. ಮಹಾಮಾರಿ ಬರಲೇ ಇಲ್ಲ, ಲಸಿಕೆ ಪಡೆದ ಲಕ್ಷ ಜನರಲ್ಲಿ ಸುಮಾರು ಒಬ್ಬರಂತೆ ಗಿಯಾನ್-ಬಾರೆ ಎಂಬ ನರದೌರ್ಬಲ್ಯ ಹೆಚ್ಚುವರಿಯಾಗಿ ಕಂಡಿದ್ದರಿಂದ ಡಿಸೆಂಬರ್‌ನಲ್ಲಿ ಕಾರ್ಯಕ್ರಮ ನಿಲ್ಲಿಸಬೇಕಾಯಿತು. ಲಸಿಕೆ ತಯಾರಿಸಿಟ್ಟುಕೊಂಡದ್ದು ತಪ್ಪಲ್ಲ. ರೋಗ ಹರಡುತ್ತಿದೆಯೇ ಎಂದು ನೋಡಿ ಮುಂದಿನ ಹೆಜ್ಜೆ ಇಡುತ್ತೇವೆ ಎಂದು ಮೊದಲೇ ಹೇಳಿ ಹಾಗೆ ನಡೆದುಕೊಂಡಿದ್ದರೆ ನಂಬಿಕೆ ಅಷ್ಟು ಕೆಡುತ್ತಿರಲಿಲ್ಲ. ಇಂದು ಗೊತ್ತಿರುವುದು ಇಷ್ಟು, ನಾಳೆ ಸಲಹೆ ಬದಲಾಗಬಹುದು ಎಂದು ಮೊದಲ ದಿನವೇ ಹೇಳುವ ಅಧಿಕಾರಿಗಳನ್ನು ಜನ ಕ್ಷಮಿಸುತ್ತಾರೆ.

ಯೋಜನೆ ಬರೆದವರೆಲ್ಲ ಸಿದ್ಧರಾಗಿರುತ್ತಾರೆ ಎಂದೂ ಹೇಳುವಂತಿಲ್ಲ. ಬ್ರಿಟನ್ ಸರ್ಕಾರ 2016ರ ಅಕ್ಟೋಬರ್‌ನಲ್ಲಿ 'ಸಿಗ್ನಸ್' ಹೆಸರಿನ ಮೂರು ದಿನಗಳ ಫ್ಲೂ ಅಣಕು ಕಾರ್ಯಾಚರಣೆ ನಡೆಸಿತು. ತೀವ್ರ ಮಹಾಮಾರಿಯನ್ನು ಎದುರಿಸಲು ದೇಶದ ಸಿದ್ಧತೆ ಸಾಲದು ಎಂದು ಅದರ ವರದಿ ಸ್ಪಷ್ಟವಾಗಿ ಹೇಳಿತು. ಆ ವರದಿ ಅಧಿಕೃತವಾಗಿ ಸಾರ್ವಜನಿಕರ ಮುಂದೆ ಬಂದದ್ದು 2020ರ ಅಕ್ಟೋಬರ್‌ನಲ್ಲಿ, ಕೋವಿಡ್ ನಡುವೆ. ಅಲ್ಲಿನ ಕೋವಿಡ್ ವಿಚಾರಣಾ ಆಯೋಗ 2024ರ ಜುಲೈನಲ್ಲಿ ಕೊಟ್ಟ ಮೊದಲ ವರದಿಯಲ್ಲಿ, ಫ್ಲೂವನ್ನೇ ಮನಸ್ಸಿನಲ್ಲಿಟ್ಟು 2011ರಲ್ಲಿ ರಚಿಸಿದ ಕಾರ್ಯತಂತ್ರ ಸರಿಯಾಗಿ ಪರೀಕ್ಷೆಗೇ ಒಳಗಾಗಿರಲಿಲ್ಲ, ಬೇರೆ ರೋಗ ಬಂದಾಗ ಹೊಂದಿಕೊಳ್ಳಲೂ ಇಲ್ಲ ಎಂದು ಟೀಕಿಸಿತು. ಗೈರುಹಾಜರಿಯ ಲೆಕ್ಕದಿಂದ ಶುರುಮಾಡಬೇಕು ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ. ಮೂವರಿಗೆ ಕಲಿಸಿದ ಕೆಲಸ, ಗುತ್ತಿಗೆಯವರ ರಜೆ, ತೆರೆಯುವ ಕಿಟಕಿ, ಬಡಾವಣೆಯ ಪಟ್ಟಿ ಇವು ಯಾವ ಉಸಿರಾಟದ ರೋಗ ಬಂದರೂ ಉಪಯೋಗಕ್ಕೆ ಬರುತ್ತವೆ.

ತಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ನೀರು, ವಿದ್ಯುತ್, ಆಸ್ಪತ್ರೆ, ಬ್ಯಾಂಕ್, ಸಾರಿಗೆ, ಶಾಲೆಗಳನ್ನು ನಡೆಸುವ ಸಂಸ್ಥೆಗಳು ಮುಂದಿನ ಫ್ಲೂ ಋತುವಿಗೆ ಮುನ್ನ ಒಂದು ದಿನ ಮೇಲೆ ಹೇಳಿದ ಚೀಟಿಯ ಅಭ್ಯಾಸ ನಡೆಸಿ, ಎಲ್ಲೆಲ್ಲಿ ಕೆಲಸ ನಿಂತಿತು, ಅದಕ್ಕೆ ಏನು ಮಾಡಲಾಯಿತು ಎಂಬುದನ್ನು ಒಂದು ಪುಟದಲ್ಲಿ ಪ್ರಕಟಿಸಲಿ. ಭದ್ರತೆಯ ದೃಷ್ಟಿಯಿಂದ ಬಹಿರಂಗಪಡಿಸಲಾಗದ ವಿವರಗಳನ್ನು ಬಿಡಲಿ. ಹಾಸಿಗೆ, ಮಾತ್ರೆಗಳ ಪಟ್ಟಿ ಕೊಡುವ ಅಧಿಕಾರಿಗಳನ್ನು ತಮ್ಮ ವರದಿಗಾರರು ಮುಂದಿನ ಸಲ ಭೇಟಿಯಾದಾಗ, ಆ ಹಾಸಿಗೆಗಳ ಪಕ್ಕದಲ್ಲಿ ನಿಲ್ಲುವ ದಾದಿಯರಲ್ಲಿ ಹತ್ತಕ್ಕೆ ನಾಲ್ವರು ಬಾರದ ದಿನ ಪಾಳಿಯ ಪಟ್ಟಿ ಹೇಗಿರುತ್ತದೆ, ಅದನ್ನು ತೋರಿಸುವಿರಾ ಎಂದು ಕೇಳಬೇಕಾಗಿ ವಿನಂತಿ.

ಇಂತಿ,
ತಮ್ಮ ವಿಶ್ವಾಸಿ,
ಓರ್ವ ಓದುಗ